ಶುಕ್ರವಾರದ ಮೀನು

ನಮ್ಮ ಮನೆಯಲ್ಲಿ ಮೀನುಗಳಲ್ಲಿ ಎರಡು ಜಾತಿ. ಮಾರ್ಕೆಟ್ಟಿನಿಂದ ಬರುವ ಮೀನಿಗೆ ಹೆಸರಿದೆ: ಕಾಟ್ಲಾ, ರೋಹು, ಬಂಗುಡೆ. ಇನ್ನೊಂದಕ್ಕೆ ಹೆಸರಿಲ್ಲ, ವಾರವಿದೆ. ಅದು ಶುಕ್ರವಾರದ ಮೀನು. ಬೂದಿ ಬುಧವಾರದಿಂದ ಈಸ್ಟರಿನವರೆಗಿನ ತಪಸ್ಸುಕಾಲದಲ್ಲಿ ನಾವು ಕ್ರೈಸ್ತರು ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಆ ಶುಕ್ರವಾರಗಳಲ್ಲಿ ಮಾತ್ರ ಅದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದಕ್ಕೆ ಮುಳ್ಳಿಲ್ಲ, ಈಜುರೆಕ್ಕೆಯಿಲ್ಲ, ನಾಲ್ಕು ಕಾಲುಗಳಿವೆ. ಅದು ಆಮೆ.

ಇದರಲ್ಲಿ ಮೋಸವಿದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನೀರಿನಲ್ಲಿ ಬದುಕುವುದೆಲ್ಲ ಮೀನಿನ ಲೆಕ್ಕಕ್ಕೇ ಬರುತ್ತದೆ, ತಿಂದರೆ ವ್ರತ ಮುರಿಯುವುದಿಲ್ಲ ಎಂದು ಅಜ್ಜಿಯ ಕಾಲದಲ್ಲಿ ಯಾರೋ ಹೇಳಿದ್ದರಂತೆ. ಹೇಳಿದವರು ಪಾದ್ರಿಯೋ, ಆಮೆ ಮಾರುವವನೋ, ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ನನ್ನ ವಿಷಯ ಇನ್ನೂ ನಾಚಿಕೆಗೇಡು. ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಬೆಳಿಗ್ಗೆ ಬೋರ್ಡಿನ ಮೇಲೆ ಸರೀಸೃಪಗಳು ಎಂದು ಬರೆದು ಅದರ ಕೆಳಗೆ ಆಮೆಯನ್ನು ಸೇರಿಸಿ, ತಪ್ಪು ಬರೆದ ಹುಡುಗರಿಗೆ ಬೈದು, ಮಧ್ಯಾಹ್ನ ಮನೆಗೆ ಬಂದು ಅದನ್ನೇ ಮೀನೆಂದು ಅನ್ನಕ್ಕೆ ಕಲಸಿಕೊಂಡು ತಿಂದಿದ್ದೇನೆ. ತರಗತಿಯ ಆಮೆಗೂ ತಟ್ಟೆಯ ಮೀನಿಗೂ ಸಂಬಂಧವಿದೆ ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಓದಿದವರ ದಡ್ಡತನ ಹೀಗೆಯೇ ಇರುತ್ತದೆ.

ಶುಕ್ರವಾರದ ಮೀನು ತರುತ್ತಿದ್ದವರು ಅಮ್ಮನ ತಮ್ಮ, ನನ್ನ ಸೋದರಮಾವ. ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದವರು, ನಿವೃತ್ತರಾದ ಮೇಲೆ ಅತ್ತೆಯ ಊರಿಗೆ ಹೋಗಿ ನೆಲೆಸಿದ್ದಾರೆ. ಮೈಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಕಾವೇರಿಯ ದಡದಲ್ಲೇ ಊರು. ಹೊಳೆಯ ಹತ್ತಿರವೇ ಕತ್ತರಿಸಿ, ತೊಳೆದು, ಸ್ಟೀಲ್ ಡಬ್ಬಿಗೆ ತುಂಬಿ, ಮೊಪೆಡ್ಡಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಹಾಗಾಗಿ ಇಡೀ ಪ್ರಾಣಿಯನ್ನು ನಾನು ನೋಡಿದ್ದು ಒಂದೇ ಸಲ, ಚಿಕ್ಕವಳಿದ್ದಾಗ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಚಿಪ್ಪು ಗಟ್ಟಿಯಾಗಿರಲಿಲ್ಲ, ನೆನೆದ ಚರ್ಮದ ಹಾಗೆ ಮೆತ್ತಗಿತ್ತು. ಮೂಗು ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿತ್ತು. ಅದು ಮೂಗಿನಿಂದ ಉಸ್ಸೆಂದಾಗ ನಾನು ಅತ್ತುಕೊಂಡು ಒಳಗೆ ಓಡಿದ್ದೆ.

ಆ ಮೂಗನ್ನು ಮತ್ತೆ ನೋಡಿದ್ದು ನಮ್ಮ ಮಹಡಿಯ ಬಾಡಿಗೆ ಹುಡುಗಿಯ ಫೋನಿನಲ್ಲಿ.

ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಮಹಡಿಯ ಮೇಲೊಂದು ಕೋಣೆ ಇದೆ. ಹೋದ ದಸರಾ ಮುಗಿದ ಮೇಲೆ ತುಮಕೂರಿನ ಕಡೆಯ ಹುಡುಗಿಯೊಬ್ಬಳು ಅಲ್ಲಿಗೆ ಬಂದಳು. ಸಂಶೋಧನೆ ಮಾಡುವವಳು. ಮೊಣಕಾಲಿನ ತನಕ ಕೆಸರು ಮೆತ್ತಿದ ಪ್ಯಾಂಟು, ಬಿಸಿಲಿಗೆ ಕಪ್ಪಾದ ಮುಖ, ಬಾಯಿ ತುಂಬ ಮಾತು. ಬಂದ ಮೊದಲ ವಾರವೇ ಅಮ್ಮನಿಗೆ ಅಜ್ಜಿ, ನನಗೆ ಅಕ್ಕ ಎನ್ನತೊಡಗಿದಳು. ಅವಳು ಹುಡುಕುತ್ತಿದ್ದದ್ದು ಮೆದುಚಿಪ್ಪಿನ ಒಂದು ಆಮೆಯನ್ನು. ಮೊದಲು ನಮ್ಮ ಹೊಳೆಗಳಲ್ಲಿ ಬೇಕಾದಷ್ಟಿತ್ತಂತೆ. ಈಗ ಈ ಕಡೆಯ ಹೊಳೆಯಲ್ಲಿ ಅದನ್ನು ಕಣ್ಣಾರೆ ಕಂಡೆನೆನ್ನುವವರೇ ಇಲ್ಲ. ಹಿಂದಿನ ಬೇಸಿಗೆಯೆಲ್ಲ ಬೇರೊಂದು ಊರಿನಲ್ಲಿದ್ದು ಹುಡುಕಿ ಬರಿಗೈಯಲ್ಲಿ ಬಂದಿದ್ದಳು. ಫೋಟೊ ತೋರಿಸಿ, ನೀವು ಹೊಳೆ ಕಡೆ ಹೋದಾಗ ಎಲ್ಲಾದರೂ ನೋಡಿದ್ದೀರಾ ಅಕ್ಕ, ಎಂದು ಕೇಳಿದಳು.

ನೋಡಿಲ್ಲ ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ ಅದು, ಬಾಯಿಗೆ ತಾನಾಗಿಯೇ ಬಂತು. ಜೀವಶಾಸ್ತ್ರದ ಟೀಚರು, ನೋಡುವುದೇನು ತಿಂದಿದ್ದೇನೆ ಎಂದು ಹೇಗೆ ಹೇಳುವುದು? ಅದೂ ಅಲ್ಲದೆ ಹಿಂದಿನ ತಪಸ್ಸುಕಾಲದಲ್ಲಿ ಮಾವನಿಗೆ ಒಂದೂ ಸಿಕ್ಕಿರಲಿಲ್ಲ. ಆ ಕತೆ ಮುಗಿಯಿತು, ಅವರಿಗೂ ವಯಸ್ಸಾಯಿತು, ಇನ್ನು ಕೆದಕುವುದೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮ್ಮನಿಗೆ ಒಂದು ಮಾತು ಹೇಳಿಟ್ಟಿದ್ದರೆ ಸಾಕಿತ್ತು. ಹೇಳಲಿಲ್ಲ.

ಈ ವರ್ಷದ ತಪಸ್ಸುಕಾಲದ ಮೊದಲ ಶುಕ್ರವಾರ ನಾನು ಕ್ಲಾಸು ಮುಗಿಸಿ, ಬಸ್ಸಿನಲ್ಲಿ ಜೋತಾಡಿಕೊಂಡು ಮನೆಗೆ ಬಂದಾಗ ಎರಡು ದಾಟಿತ್ತು. ಗೇಟಿನ ಹತ್ತಿರವೇ ಕೊತ್ತಂಬರಿ, ಹುಣಸೆ, ಹುರಿದ ತೆಂಗಿನಕಾಯಿಯ ವಾಸನೆ. ಆ ವಾಸನೆಯಲ್ಲಿ ನನಗೆ ತಪ್ಪುವುದೇ ಇಲ್ಲ, ಮಾವ ಬಂದು ಹೋಗಿದ್ದರು. ಚಪ್ಪಲಿ ಬಿಡುವ ಮುಂಚೆಯೇ ಮಹಡಿಯ ಹುಡುಗಿ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ನಮ್ಮ ಮನೆಯ ಬಟ್ಟಲು. ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದೆಂದು ತೊಳೆದು, ಒಳಗೆ ಎರಡು ಬಾಳೆಹಣ್ಣು ಇಟ್ಟಿದ್ದಳು.

"ಅಜ್ಜಿ, ಯಾವ ಮೀನು ಇದು? ಮುಳ್ಳೇ ಇರ್ಲಿಲ್ಲ. ತತ್ತಿ ಅಂತೂ ಸೂಪರ್ ಆಗಿತ್ತು."

"ಶುಕ್ರವಾರದ ಮೀನು ಕಣಮ್ಮ," ಎಂದರು ಅಮ್ಮ ಒಳಗಿನಿಂದ.

ಹುಡುಗಿ ನಕ್ಕಳು. ಅಜ್ಜಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ನಾನು ಬಾಗಿಲಲ್ಲೇ ನಿಂತಿದ್ದೆ. ಈಗಲಾದರೂ ಹೇಳಿಬಿಡಬಹುದಿತ್ತು. ಬಗ್ಗಿ ಚಪ್ಪಲಿ ಬಿಟ್ಟೆ. ಅವಳು ನನ್ನ ಕೈಗೇ ಬಟ್ಟಲು ಕೊಟ್ಟು, ಸಂಜೆ ಹೊಳೆಗೆ ಹೋಗಬೇಕು ಅಕ್ಕ ಎನ್ನುತ್ತಾ ಮೇಲಕ್ಕೆ ಓಡಿದಳು.

ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದೆ. ಸಾರಿನಲ್ಲಿ ಹಳದಿ ಉಂಡೆಗಳು ತೇಲುತ್ತಿದ್ದವು. ಹುಡುಗಿ ಮೀನಿನ ತತ್ತಿ ಎಂದುಕೊಂಡದ್ದು ಇವನ್ನೇ. ಅವು ಇನ್ನೂ ಇಡದ ಮೊಟ್ಟೆಗಳು. ಅತಿಥಿ ಎಂದು ಅಮ್ಮ ಅವಳ ಬಟ್ಟಲಿಗೆ ಅವನ್ನೇ ಹೆಚ್ಚಾಗಿ ಹಾಕಿದ್ದರಂತೆ.

ಅವಳು ಹುಡುಕುತ್ತಿರುವುದು ಇದನ್ನೇ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಸೌಟು ಕೆಳಗಿಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಹಿಡಿದವರನ್ನು ಏನು ಮಾಡುತ್ತಾರೆ ಎಂದು. ಜೈಲು ಎಂದೆ. ಅದು ನಿಜವೇ, ಹುಡುಗಿಯೇ ಹೇಳಿದ್ದಳು. ಅಮ್ಮ ಶಿಲುಬೆ ಗುರುತು ಹಾಕಿಕೊಂಡು, ನನ್ನ ತಮ್ಮನನ್ನು ಪೊಲೀಸರ ಕೈಗೆ ಕೊಟ್ಟು ಯಾವ ಸುಖ ಕಾಣುತ್ತೀಯ, ಬಾಯಿ ಮುಚ್ಚಿಕೊಂಡಿರು ಎಂದರು. ಮಾಡಿದ ಅಡುಗೆ ಹಾಗೇ ಉಳಿಯಿತು. ಎಸೆಯಲು ನನಗೆ ಮನಸ್ಸಾಗಲಿಲ್ಲ, ತಿನ್ನಲು ಅವರಿಗೆ. ಕೊನೆಗೆ ಕೆಟ್ಟುಹೋಯಿತು.

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬಸ್ಸು ಹತ್ತಿ ಮಾವನ ಊರಿಗೆ ಹೋದೆ. ಹಿತ್ತಿಲಲ್ಲಿ ಅತ್ತೆ ಕೋಳಿಗಳಿಗೆ ನೀರು ಇಡುತ್ತಿದ್ದರು. ನೀರಿಟ್ಟದ್ದು ಒಂದು ಅಗಲವಾದ, ಕಂದು ಬಣ್ಣದ ಮೂಳೆಯ ತಟ್ಟೆಯಲ್ಲಿ. ಮೈಮೇಲೆಲ್ಲ ಸಣ್ಣ ಸಣ್ಣ ಗುಳಿಗಳಿದ್ದವು. ಮೆತ್ತನೆಯ ಚರ್ಮ ಸುಲಿದ ಮೇಲೆ ಒಳಗೆ ಉಳಿಯುವ ಚಿಪ್ಪು ಅದು, ಮೊನ್ನೆ ನಾವು ಬೇಯಿಸಿದ್ದರದ್ದೇ. ಒಳ್ಳೆ ಬಟ್ಟಲಾಯಿತು ನೋಡು, ಕೋಳಿ ಉರುಳಿಸೋಕಾಗಲ್ಲ ಎಂದರು ಅತ್ತೆ.

ಮಾವ ನನ್ನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವವರಲ್ಲ. ಟೀಚರಮ್ಮ ಇನ್‌ಸ್ಪೆಕ್ಷನ್‌ಗೆ ಬಂದವ್ರೆ ಎಂದು ಅತ್ತೆಗೆ ಕೂಗಿ, ಕಾಫಿ ತರಿಸಿ, ನಗುನಗುತ್ತಲೇ ಎಲ್ಲವನ್ನೂ ಹೇಳಿದರು. ಊರ ಕೆಳಗೆ ಹೊಳೆ ತಿರುಗುವಲ್ಲಿ ಒಂದು ಮರಳ ದಿಬ್ಬವಿದೆ. ಬೇರೆ ಕಾಲದಲ್ಲಿ ಏನು ತಿಪ್ಪರಲಾಗ ಹಾಕಿದರೂ ಆಮೆ ಕೈಗೆ ಸಿಗುವುದಿಲ್ಲ. ನಮ್ಮ ತಪಸ್ಸುಕಾಲಕ್ಕೆ ಸರಿಯಾಗಿ ನೀರು ಇಳಿದು ಮರಳು ಮೇಲೆ ಬರುತ್ತದೆ.

"ಮೊಟ್ಟೆ ಇಡಕ್ಕೆ ಅವೇ ಮ್ಯಾಲಕ್ ಬತ್ತವೆ ಕಣಮ್ಮ. ಮಗುಚಾಕ್ಬುಟ್ರೆ ಆಯ್ತು, ಎಲ್ಲೋದಾವು? ನಮ್ ವ್ರತಕ್ಕೇಂತ ದೇವ್ರೇ ಕಳ್ಸೋದು."

ನಾವು ಮಾಂಸ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದ ಕಾಲವೂ ಅವು ಮೊಟ್ಟೆಯಿಡುವ ಕಾಲವೂ ಒಂದೇ. ಅಜ್ಜಿಯ ಕಾಲದಿಂದ ನಾವು ತಿಂದದ್ದೆಲ್ಲ ಬಸುರಿಯರನ್ನು. ಸಿಕ್ಕ ಸಿಕ್ಕ ಆಮೆಯನ್ನು ತಿಂದಿದ್ದರೂ ಇಷ್ಟು ಕೇಡಾಗುತ್ತಿರಲಿಲ್ಲವೇನೋ. ಮಾವನ ಮೇಲೆ ಸಿಟ್ಟು ಉಕ್ಕಿ ಬಂತು. ಆದರೆ ಅವರು ಹಿಡಿದದ್ದು ನಮಗಾಗಿ, ನಾನು ಚಪ್ಪರಿಸಿ ತಿಂದು ಇನ್ನೊಂದು ಚೂರು ಹಾಕಿ ಎಂದು ಕೇಳಿದ್ದಕ್ಕಾಗಿ. ಸಿಟ್ಟನ್ನು ಕಾಫಿಯ ಜೊತೆ ನುಂಗಿಕೊಂಡೆ. ಇನ್ನು ಮುಟ್ಟಕೂಡದು, ಮುಟ್ಟಿದರೆ ನಾನು ನಿಮ್ಮ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದೆ. ನನ್ನ ದನಿ ಕೇಳಿ ಅವರ ನಗು ನಿಂತಿತು. "ಆಯ್ತು ಬುಡವ್ವ, ಮುಟ್ಟಲ್ಲ," ಎಂದರು.

ಮುಂದಿನ ಶುಕ್ರವಾರ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಪಾಪನಿವೇದನೆಗೆ ಕೂತೆ. ಬೇರೆ ಊರಿನಿಂದ ಹೊಸದಾಗಿ ಬಂದ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಪಾದ್ರಿ. ಶುಕ್ರವಾರ ಆಮೆ ತಿಂದೆ ಫಾದರ್ ಎಂದೆ. ಅವರು ಸ್ವಲ್ಪ ಯೋಚಿಸಿ, ಆಮೆ ನೀರಿನ ಪ್ರಾಣಿಯಲ್ಲವೇ, ಹಾಗಾದರೆ ವ್ರತಭಂಗವಾಗಲಿಲ್ಲ, ಅದಕ್ಕೆ ಇಷ್ಟು ಕೊರಗಬೇಡಿ ಎಂದು ಸಮಾಧಾನ ಮಾಡಿದರು. ನಾನು ಹೇಳಬಂದದ್ದು ಅದಲ್ಲ ಎಂದು ವಿವರಿಸೋಣವೆಂದರೆ ಹಿಂದೆ ಸಾಲು ಉದ್ದವಿತ್ತು, ನನ್ನ ನಂತರದಾಕೆ ಆಗಲೇ ಕೆಮ್ಮುತ್ತಿದ್ದಳು. ಮನಸ್ಸಿನ ನೆಮ್ಮದಿಗೆ ಮೂರು ಸಲ ನಮೋ ಮರಿಯ ಜಪ ಹೇಳಿಕೊಳ್ಳಿ ಎಂದರು. ಹೇಳಿಕೊಂಡೆ. ಪಾಪವೇ ಇಲ್ಲವೆಂದು ತೀರ್ಪಾದ ಮೇಲೆ ಅಷ್ಟು ಭಾರ ಹೊತ್ತುಕೊಂಡು ನಾನು ಯಾವತ್ತೂ ಚರ್ಚಿನಿಂದ ಹೊರಗೆ ಬಂದಿರಲಿಲ್ಲ.

ಮನೆಗೆ ಬಂದವಳೇ ಮಹಡಿ ಹತ್ತಿ ಹುಡುಗಿಗೆ ಮರಳ ದಿಬ್ಬದ ಜಾಗ ಹೇಳಿದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಅಲ್ಲಿ ಇಂಥದ್ದನ್ನು ನೋಡಿದ್ದರಂತೆ ಎಂದೆ. ಅರ್ಧ ನಿಜ ಹೇಳುವುದು ಪೂರ್ತಿ ಸುಳ್ಳಿಗಿಂತ ಸುಲಭ, ಕೇಳಿದವರು ಥ್ಯಾಂಕ್ಸ್ ಕೂಡ ಹೇಳುತ್ತಾರೆ. ಅವಳು ನನ್ನನ್ನು ತಬ್ಬಿಕೊಂಡಳು.

ಕೆಲವೇ ದಿನಗಳಲ್ಲಿ ಅವಳಿಗೆ ಅಲ್ಲಿ ಮೊಟ್ಟೆಗಳ ಗುಳಿಯೊಂದು ಸಿಕ್ಕಿತು. ಬಿಳಿ, ದುಂಡಗೆ, ಸಣ್ಣ ನಿಂಬೆಹಣ್ಣಿನಷ್ಟಿದ್ದ ಮೊಟ್ಟೆಗಳು. ಸುತ್ತ ತಂತಿಬಲೆ ಕಟ್ಟಿ, ಹೊಳೆಯ ಕಡೆಗೆ ಮುಖ ಮಾಡಿ ಕ್ಯಾಮೆರಾ ಇಟ್ಟಳು. ಅರಣ್ಯ ಇಲಾಖೆಯವರು ಬಂದು ನೋಡಿ ಹೋದರು. ಆದರೆ ಬರಿ ಮೊಟ್ಟೆ ನೋಡಿ ಇದೇ ಆಮೆಯದೆಂದು ಖಡಾಖಂಡಿತ ಹೇಳಲಾಗುವುದಿಲ್ಲವಂತೆ. ಮರಿ ಹೊರಬರಲು ತಿಂಗಳುಗಟ್ಟಲೆ ಬೇಕು. ಅಷ್ಟರೊಳಗೆ ಆ ದಿಬ್ಬದ ಮರಳೆತ್ತಲು ಲಾರಿಗಳು ತಯಾರಾಗಿದ್ದವು. ಬೆಳೆದ ಆಮೆಯೊಂದು ಈ ಜಾಗದಲ್ಲಿದೆ ಎಂಬುದಕ್ಕೆ ಸಾಕ್ಷಿ ಕೊಡಿ, ಮರಳೆತ್ತುವುದನ್ನು ನಿಲ್ಲಿಸುತ್ತೇವೆ ಎಂದು ಅಧಿಕಾರಿಗಳು ಹೇಳಿದರು. ಅದೊಂದು ಸಾಕ್ಷಿಯ ಮೇಲೆ ಎಲ್ಲವೂ ನಿಂತಿತ್ತು.

ಈ ಜಾತಿ ಒಂದೇ ಸಲಕ್ಕೆ ಎಲ್ಲ ಮೊಟ್ಟೆ ಇಡುವುದಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಬರಬಹುದು ಎಂದು ಹುಡುಗಿ ಕಾಯತೊಡಗಿದಳು. ಬೆಳಗಾದರೆ ಹೊಳೆಗೆ ಹೋಗಿ ಕ್ಯಾಮೆರಾದ ಚಿತ್ರಗಳನ್ನು ತರುವಳು, ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಒಂದೊಂದನ್ನೇ ನೋಡುವಳು. ನಾಯಿ, ಕೊಕ್ಕರೆ, ನೀರುನಾಯಿ, ಒಮ್ಮೆ ಬಟ್ಟೆ ಒಗೆಯಲು ಬಂದ ಹೆಂಗಸು. ಇವತ್ತೂ ಬರಲಿಲ್ಲ ಅಕ್ಕ ಎನ್ನುವಳು. ಅಮ್ಮ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದರು. ಬರಬೇಕಾದವಳು ನಾವು ತಿಂದವಳಲ್ಲದೆ ಬೇರೆಯವಳೇ ಆಗಿರಲಿ, ಹೊಳೆಯಲ್ಲಿ ಇನ್ನೂ ಇರಲಿ ಎಂದು ನಾನು ಪ್ರತಿದಿನ ಪ್ರಾರ್ಥಿಸಿದೆ. ಈಸ್ಟರ್ ಮುಗಿಯಿತು. ಯಾರೂ ಬರಲಿಲ್ಲ.

ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಮುಚ್ಚಿ, ಸೋಮವಾರ ಲಾರಿ ಬರುತ್ತವಂತೆ ಎಂದಳು. ಅತ್ತಿರಲಿಲ್ಲ, ಕಣ್ಣು ಮಾತ್ರ ಕೆಂಪಗಿತ್ತು. "ನೀವು ಹೇಳಿ ಅಕ್ಕ, ಇನ್ನೂ ಬರ್ತಾಳೆ ಅಂತ ಕಾಯ್ಬೇಕಾ?"

ನನಗೆ ಗೊತ್ತಿದ್ದ ಉತ್ತರ ಮಾವನ ಹಿತ್ತಿಲಲ್ಲಿ ಕೋಳಿಗಳಿಗೆ ನೀರು ಕುಡಿಸುತ್ತಿತ್ತು. ಕೊಟ್ಟರೆ ಮಾವ ಜೈಲಿಗೆ, ಕೊಡದಿದ್ದರೆ ದಿಬ್ಬ ಲಾರಿಗೆ. ಆ ರಾತ್ರಿಯೆಲ್ಲ ಹೊರಳಾಡಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಾನು ಚೆನ್ನಾಗಿಯೇ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದಾಗ ಕೊಡುವುದೆಂದು ತೀರ್ಮಾನವಾಗಿತ್ತು. ಅಮ್ಮನಿಗೆ ಹೇಳಲಿಲ್ಲ. ಮಾವ ಸಂತೆಗೆ ಹೋದ ಹೊತ್ತು ನೋಡಿಕೊಂಡು ಅವರ ಊರಿಗೆ ಹೋದೆ, ಮಕ್ಕಳಿಗೆ ತೋರಿಸಬೇಕು ಎಂದು ಅತ್ತೆಯಿಂದ ಆ ಚಿಪ್ಪನ್ನು ಕೇಳಿ ತೆಗೆದುಕೊಂಡೆ. ಅತ್ತೆ ಪಾಪ, ಸೀಗೆಪುಡಿ ಹಾಕಿ ಉಜ್ಜಿ ತೊಳೆದು ಕೊಟ್ಟರು.

ಮಹಡಿಯ ಕೋಣೆಯಲ್ಲಿ ಬಟ್ಟೆಯ ಚೀಲದಿಂದ ಅದನ್ನು ತೆಗೆದು ಅವಳ ಮಂಚದ ಮೇಲಿಟ್ಟೆ. ಅವಳು ಬೆರಳಿನಿಂದ ಆ ಗುಳಿಗಳನ್ನೆಲ್ಲ ಸವರಿದಳು, ಟೇಪು ಹಿಡಿದು ಅಳೆದಳು, ತಿರುಗಿಸಿ ಅಂಚು ನೋಡಿದಳು. ಅವಳ ಮುಖ ಅರಳುತ್ತಾ ಬಂತು. ಅದನ್ನು ನೋಡುವುದೇ ನನಗೆ ಕಷ್ಟವಾಯಿತು.

"ಇದೇ ಅಕ್ಕ, ಇದೇ. ಹಳೇದೂ ಅಲ್ಲ. ಯಾವಾಗಿನದು ಇದು?"

"ತಪಸ್ಸುಕಾಲದ ಮೊದಲನೇ ಶುಕ್ರವಾರದ್ದು."

ಅವಳು ನನ್ನನ್ನೇ ನೋಡಿದಳು. ಮುಳ್ಳಿಲ್ಲದ ಮೀನು, ಸೂಪರ್ ಆಗಿದ್ದ ತತ್ತಿ, ಎಲ್ಲ ಒಂದೊಂದಾಗಿ ಅವಳಿಗೆ ಹೊಳೆಯುತ್ತಿರುವುದು ನನಗೆ ಕಾಣುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಆಸೆಪಟ್ಟೆ. ಅವಳು ಎದ್ದು ಹೊರಗಿನ ನಲ್ಲಿಗೆ ಹೋದಳು. ಬಾಯಿ ಮುಕ್ಕಳಿಸಿದಳು, ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ಬಾಯಿ ಮುಕ್ಕಳಿಸಿದಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಬಂದವಳು ಅದನ್ನು ಅವಳ ಹೊಟ್ಟೆಗೆ ಹಾಕಿದ್ದೆ.

ಒಳಗೆ ಬಂದಾಗ ಅವಳ ಮುಖ ಒದ್ದೆಯಾಗಿತ್ತು. ಚಿಪ್ಪನ್ನು ತನ್ನ ಟವೆಲಿನಲ್ಲಿ ಸುತ್ತಿದಳು. ಹಿಡಿದದ್ದು ಯಾರು, ಎಲ್ಲಿ ಎಂದು ಹೇಳಲು ನಾನು ಬಾಯಿ ತೆರೆದೆ.

"ಹೇಳ್ಬೇಡಿ," ಎಂದಳು. "ಯಾರು ಅಂತ ಗೊತ್ತಾದ್ರೆ ನಾನು ಕಂಪ್ಲೇಂಟ್ ಕೊಡ್ಬೇಕಾಗುತ್ತೆ. ಗೊತ್ತಾಗ್ಲಿಲ್ಲ ಅಂದ್ರೆ ಕೊಡೋಕಾಗಲ್ಲ."

ನನ್ನನ್ನು ಅಕ್ಕ ಎಂದು ಕರೆಯಲಿಲ್ಲ. ಆಮೇಲೂ ಕರೆಯಲಿಲ್ಲ. ಆ ತಿಂಗಳ ಕೊನೆಗೆ ಗೋಕುಲಂನಲ್ಲಿ ಬೇರೆ ಕೋಣೆ ಹಿಡಿದಳು. ಹೋಗುವಾಗ ಅಮ್ಮ ಹಣೆಗೆ ಶಿಲುಬೆ ಗುರುತು ಹಾಕಲು ಕೈ ಎತ್ತಿದರು. ಬಗ್ಗಿ ಹಾಕಿಸಿಕೊಂಡಳು, ಅಷ್ಟು ದೊಡ್ಡ ಮನಸ್ಸು ಅವಳದು. ಅವಳು ಹೋದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಅವರು ನನ್ನ ಜೊತೆ ಎರಡು ದಿನ ಮಾತು ಬಿಟ್ಟರು, ಹುಡುಗಿ ಹೋದದ್ದಕ್ಕೋ, ತಮ್ಮನನ್ನು ಕೇಳದೆ ಚಿಪ್ಪು ತಂದದ್ದಕ್ಕೋ ಹೇಳಲಿಲ್ಲ.

ಲಾರಿಗಳು ಬರಲಿಲ್ಲ. ಮಳೆ ಹಿಡಿಯುವ ಮುಂಚೆ ಮಾವನ ಊರಿನ ಶಾಲೆಯಲ್ಲಿ ಒಂದು ಸಭೆ ಮಾಡಿದರು. ಊರವರೆಲ್ಲ ಬಂದಿದ್ದರು. ಹುಡುಗಿ ನನಗೂ ಹೇಳಿಕಳಿಸಿದ್ದಳು, ಹೋಗದಿರಲು ಧೈರ್ಯವಾಗಲಿಲ್ಲ. ಈ ಹೊಳೆಯಲ್ಲಿ ಅಳಿದೇಹೋಯಿತು ಎಂದುಕೊಂಡಿದ್ದ ಆಮೆ ನಿಮ್ಮ ಊರಿನಲ್ಲಿದೆ, ಇದು ನಿಮ್ಮ ಊರಿಗೇ ಹೆಮ್ಮೆ ಎಂದು ಅವಳು ಹೇಳಿದಳು. ಮೊಟ್ಟೆಯಿಡಲು ಬಂದವಳನ್ನು ಮುಟ್ಟಬೇಡಿ ಎಂದಳು. ಬಸುರಿ ಹೆಂಗಸು ಮನೆಗೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಹೆಂಗಸರೆಲ್ಲ ತಲೆದೂಗಿದರು. ಆಮೇಲೆ ಟವೆಲು ಬಿಚ್ಚಿ ಚಿಪ್ಪನ್ನು ಎತ್ತಿ ತೋರಿಸಿದಳು.

ಮುಂದಿನ ಕುರ್ಚಿಯಲ್ಲಿದ್ದ ಅಧಿಕಾರಿ ಎಲ್ಲರಿಗೂ ಕೇಳುವಂತೆ, ಇದು ಎಲ್ಲಿ ಸಿಕ್ಕಿದ್ದು ಹೇಳಿ ಮೇಡಂ ಎಂದರು.

ಎರಡು ಬೇಸಿಗೆ ಬಿಸಿಲಿನಲ್ಲಿ ಅಲೆದು, ಕಾಣದ್ದನ್ನು ಕಂಡೆನೆಂದು ಒಮ್ಮೆಯೂ ಹೇಳದ ಹುಡುಗಿ ಅವಳು. ಸಭೆಯಲ್ಲಿ ಕಣ್ಣಾಡಿಸಿ ನನ್ನನ್ನು ಹುಡುಕಿದಳು, ನನ್ನ ಮುಖವನ್ನೇ ನೋಡುತ್ತಾ ಉತ್ತರ ಕೊಟ್ಟಳು.

"ದಡದಲ್ಲಿ ಬಿದ್ದಿತ್ತು ಸರ್. ನನಗೇ ಸಿಕ್ತು."

ಜನ ಚಪ್ಪಾಳೆ ತಟ್ಟಿದರು. ನಾನು ಹಿಂತಿರುಗಿ ನೋಡಿದೆ. ಕೊನೆಯ ಬೆಂಚಿನಲ್ಲಿ ಮಾವ ಕೂತಿದ್ದರು. ತಮ್ಮ ಹಿತ್ತಿಲಿನ ಬಟ್ಟಲನ್ನು ಗುರುತು ಹಿಡಿಯದೇ ಇರಲು ಸಾಧ್ಯವಿಲ್ಲ. ಒಂದು ಕ್ಷಣ ನನ್ನನ್ನು ನೋಡಿ, ಅವರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.